ಕಪ್ಪು ಬಂಡೆಯ ಮೇಲಿನ ಕೋಟೆಗಳು: ನಾರ್ತಂಬರ್‌ಲ್ಯಾಂಡ್ ತೀರದಲ್ಲಿ ನನ್ನ ಕ್ಯಾಮೆರಾ ಅನುಭವ

ಇಂಗ್ಲೆಂಡಿನ ಈಶಾನ್ಯ ತುದಿಯಲ್ಲಿ, ಸ್ಕಾಟ್ಲೆಂಡ್ ಗಡಿಗೆ ತಾಗಿಕೊಂಡು ನಾರ್ತಂಬರ್‌ಲ್ಯಾಂಡ್ ಇದೆ. ಅದರ ಕಡಲ ತೀರದ ಮೂರು ಕೋಟೆಗಳೆಂದರೆ ನನಗೆ ಪ್ರಾಣ: ಡನ್‌ಸ್ಟನ್‌ಬರಾ, ಬ್ಯಾಂಬರಾ, ಲಿಂಡಿಸ್‌ಫಾರ್ನ್. ಫೋಟೋ ತೆಗೆಯಲು ಈ ದೇಶದಲ್ಲಿ ಇದಕ್ಕಿಂತ ಇಷ್ಟವಾದ ಜಾಗ ನನಗೆ ಸಿಕ್ಕಿಲ್ಲ.

ಮೂರೂ ನಿಂತಿರುವುದು ಒಂದೇ ಕಲ್ಲಿನ ಮೇಲೆ. ಸುಮಾರು 29 ಕೋಟಿ ವರ್ಷಗಳ ಹಿಂದೆ ನೆಲದಾಳದ ಕರಗಿದ ಕಲ್ಲು ಹಳೆಯ ಪದರಗಳ ನಡುವೆ ನುಗ್ಗಿ, ಅಲ್ಲೇ ಆರಿ, ಗಟ್ಟಿಯಾದ ಕಪ್ಪು ಹಾಸಾಯಿತು. ಅದನ್ನು ವಿನ್ ಸಿಲ್ ಎನ್ನುತ್ತಾರೆ. ಸುತ್ತಲಿನ ಮೆತ್ತಗಿನ ಕಲ್ಲು ಸವೆದುಹೋಯಿತು, ಇದು ಎದ್ದು ನಿಂತಿತು. ರೋಮನ್ನರ ಹೇಡ್ರಿಯನ್ ಗೋಡೆಯೂ ಒಂದಷ್ಟು ದೂರ ಇದೇ ಕಲ್ಲಿನ ಏಣಿನ ಮೇಲೆ ಸಾಗುತ್ತದೆ. ಹಾಗಾಗಿ ನಾನು ಫ್ರೇಮಿನ ಮುಕ್ಕಾಲು ಪಾಲನ್ನು ಬಂಡೆಗೂ ನೀರಿಗೂ ಬಿಡುತ್ತೇನೆ. ಕೋಟೆ ಮೇಲೆ ಚಿಕ್ಕದಾಗಿರಲಿ. ಆ ಗೋಡೆಗಳು ಅಲ್ಲೇ ಯಾಕೆ ಎದ್ದವು ಅನ್ನುವುದು ಚಿತ್ರ ನೋಡಿದವರಿಗೆ ತಾನಾಗಿ ತಿಳಿಯಬೇಕು.

ಇದಕ್ಕೆ ಡನ್‌ಸ್ಟನ್‌ಬರಾ ಎಲ್ಲಕ್ಕಿಂತ ಒಳ್ಳೆಯದು. ಲ್ಯಾಂಕಾಸ್ಟರಿನ ಅರ್ಲ್ (ದೊಡ್ಡ ಜಹಗೀರುದಾರ) ಥಾಮಸ್ 1313ರಲ್ಲಿ ಕಟ್ಟಲು ಶುರು ಮಾಡಿದ. ರಾಜ ಎರಡನೇ ಎಡ್ವರ್ಡನ ವಿರುದ್ಧ ದಂಗೆಯೆದ್ದು 1322ರಲ್ಲಿ ತಲೆ ಕಳೆದುಕೊಂಡ. ಈಗ ಉಳಿದಿರುವುದು ಮುರುಕು ಗೋಪುರಗಳು. ಚಿತ್ರಕಾರ ಟರ್ನರ್ 1797ರಲ್ಲಿ ಇಲ್ಲಿಗೆ ಬಂದವನು ಆಮೇಲೆ ಮತ್ತೆ ಮತ್ತೆ ಇದನ್ನೇ ಬರೆದ. ಕೋಟೆಯವರೆಗೆ ವಾಹನ ಹೋಗುವುದಿಲ್ಲ. ಕ್ರಾಸ್ಟರ್ ಎಂಬ ಮೀನುಗಾರರ ಹಳ್ಳಿಯಿಂದ ಕುರಿ ಮೇಯುವ ಹುಲ್ಲುಗಾವಲಿನ ಮೇಲೆ ಸುಮಾರು ಎರಡು ಕಿಲೋಮೀಟರ್ ನಡೆಯಬೇಕು. ಹೆಚ್ಚಿನವರು ಹೀಗೇ ಬರುತ್ತಾರೆ. ನನಗೆ ಬೇಕಾದದ್ದು ಉತ್ತರದ ಎಂಬಲ್ಟನ್ ಕಡೆ. ಅಲ್ಲಿ ಅಲೆ ಉರುಳಿಸಿ ಉರುಳಿಸಿ ನುಣುಪಾದ ದುಂಡು ಕಲ್ಲುಗಳು ರಾಶಿ ಬಿದ್ದಿವೆ. ಅವುಗಳ ಹಿಂದೆ ಏರಿನ ಮೇಲೆ ಲಿಲ್‌ಬರ್ನ್ ಗೋಪುರ.

ನಮ್ಮ ಹೊನ್ನಾವರ, ಮುರ್ಡೇಶ್ವರದ ಕಡೆ ಸೂರ್ಯ ಕಡಲಲ್ಲಿ ಮುಳುಗುತ್ತಾನೆ. ಇಲ್ಲಿ ಕಡಲಿಂದ ಹುಟ್ಟುತ್ತಾನೆ. ಅಲ್ಲಿ ನೆಟ್ಟಗೆ ಇಳಿದುಬಿಡುವುದರಿಂದ ಬೇಗ ಕತ್ತಲಾಗುತ್ತದೆ. ಇಲ್ಲಿ ಓರೆಯಾಗಿ ಏರುತ್ತಾನೆ, ಓರೆಯಾಗಿ ಇಳಿಯುತ್ತಾನೆ. ಜೂನಿನಲ್ಲಿ ಸೂರ್ಯ ಕಾಣುವ ಮುಕ್ಕಾಲು ಗಂಟೆ ಮೊದಲೇ ಕೆಲಸಕ್ಕೆ ಸಾಕಾಗುವಷ್ಟು ಬೆಳಕಿರುತ್ತದೆ. ಆದರೆ ಆಗ ಸೂರ್ಯೋದಯವೇ ನಾಲ್ಕೂವರೆಗೆ! ಡಿಸೆಂಬರಿನಲ್ಲಿ ಎಂಟೂವರೆ, ಆರಾಮ. ದಿಕ್ಕೂ ಬದಲಾಗುತ್ತದೆ. ಬೇಸಿಗೆಯಲ್ಲಿ ಈಶಾನ್ಯದಿಂದ ಬಂದ ಬೆಳಕು ಗೋಡೆಯ ಪಕ್ಕಕ್ಕೆ ಬಿದ್ದು ಕಲ್ಲಿನ ಒರಟುತನ ತೋರಿಸುತ್ತದೆ. ಚಳಿಗಾಲದಲ್ಲಿ ಆಗ್ನೇಯದಲ್ಲಿ ಹುಟ್ಟುವುದರಿಂದ ಎಂಬಲ್ಟನ್ ಕಡೆಯಿಂದ ಕೋಟೆ ಬರೀ ಕಪ್ಪು ಆಕಾರ. ನನಗೆ ಚಳಿಗಾಲದ್ದೇ ಜಾಸ್ತಿ ಇಷ್ಟ.

ಸೂರ್ಯನ ಜೊತೆ ಉಬ್ಬರ ಇಳಿತದ ಪಟ್ಟಿಯನ್ನೂ ನೋಡಿಯೇ ಹೊರಡುತ್ತೇನೆ. ಉಬ್ಬರ ಮುಗಿದು ನೀರು ಇಳಿಯಲು ಶುರುವಾದ ಮೇಲೆ ಎರಡು ಗಂಟೆ ಬಿಟ್ಟು ತೀರಕ್ಕೆ ಇಳಿಯುವುದು ನನ್ನ ರೂಢಿ. ಕಲ್ಲುಗಳು ಆಗಷ್ಟೇ ಒದ್ದೆಯಾಗಿ ಮಿನುಗುತ್ತಿರುತ್ತವೆ, ಮರಳಿನ ಮೇಲೆ ಒಂದೂ ಹೆಜ್ಜೆ ಗುರುತು ಇರುವುದಿಲ್ಲ. ಕಡಲು ನಮ್ಮಿಂದ ದೂರ ಸರಿಯುತ್ತಿರುತ್ತದೆ, ಅದೇ ಒಂದು ಧೈರ್ಯ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಮಾತ್ರ ಅವಸರ ಬೇಡ. ಅಲ್ಲಿ ಟ್ರೈಪಾಡಿನ ಒಂದು ಕಾಲು ಊರಿ, ಅದು ಕೂತ ಮೇಲೆ ನಾನು ಮುಂದಿನ ಹೆಜ್ಜೆ ಇಡುತ್ತೇನೆ.

ಶಟರ್ ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡು. ಅಲೆ ಬಡಿಯುವಾಗಲ್ಲ, ಹಿಂದೆ ಸರಿಯುವಾಗ ಒತ್ತಬೇಕು. ಆಗ ನೊರೆ ಕಲ್ಲುಗಳ ಸಂದಿಯಲ್ಲಿ ಬಿಳಿ ಎಳೆಗಳಾಗಿ ಇಳಿಯುತ್ತದೆ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್ 11, ಬೆಳಕು ಜಾಸ್ತಿಯಾದರೆ ಅದನ್ನು ಎಂಟನೇ ಒಂದು ಪಾಲಿಗೆ ಇಳಿಸುವ ಮೂರು ಸ್ಟಾಪಿನ ಎನ್‌ಡಿ ಫಿಲ್ಟರ್. ಮೂವತ್ತು ಸೆಕೆಂಡು ತೆರೆದಿಟ್ಟು ನೀರನ್ನು ಹೊಗೆ ಮಾಡುವುದು ಇಲ್ಲಿ ನನಗೆ ಸರಿ ಕಾಣುವುದಿಲ್ಲ. ನಾರ್ತ್ ಸೀ ಅಷ್ಟು ಸಾಧು ಅಲ್ಲ, ಅಲ್ವಾ? ಕಪ್ಪು ಕಲ್ಲು, ಬಿಳಿ ನೊರೆ ಎರಡೂ ಒಟ್ಟಿಗೆ ಇರುವಾಗ ನೊರೆಯ ವಿವರ ಉಳಿಯುವಂತೆ ಎಕ್ಸ್‌ಪೋಷರ್ ಇಡುತ್ತೇನೆ. ಕಲ್ಲಿನ ಕತ್ತಲನ್ನು ಆಮೇಲೆ ರಾ ಫೈಲಿನಲ್ಲಿ (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಕಡತ) ಎತ್ತಬಹುದು, ಸುಟ್ಟುಹೋದ ಬಿಳಿ ವಾಪಸ್ ಬರುವುದಿಲ್ಲ. ಪ್ರತಿಫಲನ ತಗ್ಗಿಸುವ ಫಿಲ್ಟರ್ ಆದ ಪೋಲರೈಸರನ್ನು ಪೂರ್ತಿ ತಿರುಗಿಸಬೇಡಿ. ಕಲ್ಲಿನ ಹೊಳಪೆಲ್ಲ ಹೋಗಿ ಚಿತ್ರ ಸಪ್ಪೆಯಾಗುತ್ತದೆ.

ವಸಂತದಲ್ಲಿ, ಬೇಸಿಗೆಯ ಶುರುವಿನಲ್ಲಿ ತಣ್ಣನೆಯ ಕಡಲ ಮೇಲೆ ಬೆಚ್ಚನೆಯ ಗಾಳಿ ಬೀಸಿದರೆ ದಟ್ಟ ಮಂಜು ಏಳುತ್ತದೆ. ಇಲ್ಲಿನವರು ಅದನ್ನು ಫ್ರೆಟ್ ಎನ್ನುತ್ತಾರೆ. ಅಂಥ ದಿನ ನಾನು ಮನೆಗೆ ಹೊರಡುವುದಿಲ್ಲ. ಮಂಜು ಸರಿದಾಗ ಗೋಪುರದ ತುದಿ ಮಾತ್ರ ಇಣುಕುತ್ತದೆ, ಕಪ್ಪು ಬಿಳುಪಿಗೆ ಅದು ಬಲು ಚೆನ್ನ.

ಬ್ಯಾಂಬರಾ ಇದಕ್ಕೆ ಪೂರ್ತಿ ಬೇರೆ. 1894ರಲ್ಲಿ ಕೈಗಾರಿಕೋದ್ಯಮಿ ಲಾರ್ಡ್ ಆರ್ಮ್‌ಸ್ಟ್ರಾಂಗ್ ಕೊಂಡು ದುರಸ್ತಿ ಮಾಡಿಸಿದ್ದರಿಂದ ಇಡಿಯಾಗಿ ನಿಂತಿದೆ. ವಾಯವ್ಯದ ಸ್ಟ್ಯಾಗ್ ರಾಕ್ಸ್ ಬಂಡೆಗಳಿಂದ, ಬೇಸಿಗೆಯ ಸಂಜೆ, ಸೂರ್ಯ ಬೆನ್ನ ಹಿಂದಿರುವಾಗ ತೆಗೆಯಿರಿ.

ಲಿಂಡಿಸ್‌ಫಾರ್ನ್ ದ್ವೀಪಕ್ಕೆ ಹೋಗುವ ರಸ್ತೆ ದಿನಕ್ಕೆ ಎರಡು ಸಲ ನೀರಿನಡಿ ಮುಳುಗುತ್ತದೆ. ದಾಟಬಹುದಾದ ಹೊತ್ತಿನ ಪಟ್ಟಿ ಇರುತ್ತದೆ. ಅದನ್ನು ಮೀರಿ ಹೊರಟು ಸಿಕ್ಕಿಹಾಕಿಕೊಳ್ಳುವ ಕಾರುಗಳು ಈಗಲೂ ಇವೆ. ನಾನು ರಸ್ತೆ ಮುಚ್ಚುವ ಮೊದಲೇ ದಾಟಿ, ಮತ್ತೆ ತೆರೆಯುವವರೆಗೆ ಅಲ್ಲೇ ಇರುತ್ತೇನೆ. ಹಗಲಿಗೆ ಬಂದವರೆಲ್ಲ ಆಗ ಹೊರಟುಹೋಗಿರುತ್ತಾರೆ. ಬಂದರಿನ ಬಳಿ ಹೆರಿಂಗ್ ಮೀನು ಹಿಡಿಯುತ್ತಿದ್ದ ಹಳೆಯ ದೋಣಿಗಳನ್ನು ಬೋರಲು ಹಾಕಿ ಶೆಡ್ ಮಾಡಿಕೊಂಡಿದ್ದಾರೆ. ಅವನ್ನು ಮುಂದಿಟ್ಟು ಹಿಂದೆ ಕೋಟೆ ಬರುವಂತೆ ನಿಂತರೆ ಗಂಟೆಗಟ್ಟಲೆ ಕೆಲಸವಿದೆ. ಬುತ್ತಿ, ಫ್ಲಾಸ್ಕಿನಲ್ಲಿ ಬಿಸಿ ಚಹಾ, ಲೆನ್ಸ್ ಒರೆಸಲು ನಾಲ್ಕಾರು ಒಣಬಟ್ಟೆ ಜೊತೆಗಿರಲಿ. ಮನೆಗೆ ಬಂದ ರಾತ್ರಿಯೇ ಟ್ರೈಪಾಡಿನ ಕಾಲುಗಳನ್ನು ಬಿಚ್ಚಿ ಸಿಹಿನೀರಲ್ಲಿ ತೊಳೆಯಿರಿ, ಉಪ್ಪು ಮರುದಿನದವರೆಗೆ ಕಾಯುವುದಿಲ್ಲ.