ಅಡತಿ ಅಂಗಡಿಯಲ್ಲಿ ಜ್ಞಾನೋಕ್ತಿ

ಬೈಬಲಿನ ಜ್ಞಾನೋಕ್ತಿಗಳು ಪುಸ್ತಕದಲ್ಲಿ 31 ಅಧ್ಯಾಯ. ತಾರೀಖಿಗೆ ಒಂದರಂತೆ ಬೆಳಿಗ್ಗೆ ಓದಿ ಅಂಗಡಿಗೆ ಹೋಗುವುದು ನನ್ನ ರೂಢಿ. 30 ದಿನದ ತಿಂಗಳಲ್ಲಿ ಕೊನೆಯ ಅಧ್ಯಾಯ ತಪ್ಪುತ್ತದೆ. ಗುಣವತಿ ಹೆಂಡತಿಯ ಹೊಗಳಿಕೆ ಇರುವುದು ಅದರಲ್ಲೇ ಅಂತ ಮನೆಯಾಕೆಯ ತಕರಾರು!

ಬ್ಯಾಡಗಿಯಲ್ಲಿ ನನ್ನದು ಮೆಣಸಿನಕಾಯಿ ಅಡತಿ, ಅಂದರೆ ರೈತರ ಮಾಲನ್ನು ದಲಾಲಿಗೆ ಮಾರಿಸಿಕೊಡುವ ಅಂಗಡಿ. ಕೊಳ್ಳುವವ ‘ಕೆಟ್ಟದ್ದು, ಕೆಟ್ಟದ್ದು’ ಅಂದು, ಆಚೆ ಹೋಗಿ ಕೊಚ್ಚಿಕೊಳ್ಳುತ್ತಾನೆ ಎನ್ನುವ 20:14ನ್ನು (20ನೇ ಅಧ್ಯಾಯ, 14ನೇ ವಚನ) ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು 18:17. ಮೊದಲು ವಾದಿಸಿದವನದೇ ನ್ಯಾಯ ಅನ್ನಿಸುತ್ತದೆ, ಎದುರಿನವ ಬಂದು ಪ್ರಶ್ನಿಸುವತನಕ.

ಮೊನ್ನೆ ಖರೀದಿದಾರರು ದರ ಹಾಕುವ ಟೆಂಡರಿನಲ್ಲಿ ಒಬ್ಬ ರೈತರ ಲಾಟಿಗೆ, ಅಂದರೆ ಅವರ ಚೀಲಗಳಿಗೆ, ಕಡಿಮೆ ದರ ಬಿತ್ತು. “ಸಾವ್ಕಾರ್ರ, ಬಾಜೂದವಂದೂ ಡಬ್ಬಿನ, ನಂದೂ ಡಬ್ಬಿನ. ನನಗಷ್ಟ ಯಾಕ ಹಿಂಗ?” ಅಂತ ಬಂದರು. ಡಬ್ಬಿ ಅಂದರೆ ಮೆಣಸಿನಕಾಯಿಯ ಒಂದು ತಳಿ. ಖರೀದಿದಾರನನ್ನು ಕೇಳಿದರೆ, ಹಸಿ ಐತಿ ಅಂದ. ಹಮಾಲನಿಂದ ಚೀಲ ಬಿಚ್ಚಿಸಿ ತಳದತನಕ ಕೈ ಇಳಿಸಿದೆ. ಮೇಲಿನ ಕಾಯಿ ಬೀಜ ಗಲಗಲ ಅನ್ನುತ್ತಿದ್ದವು. ತಳದವು ಹಿಚುಕಿದರೂ ಮುರಿಯದೆ ಬಾಗಿದವು.

13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸರು ವಿವೇಕಕ್ಕೆ ಮೂರು ಕೆಲಸ ಹೇಳುತ್ತಾರೆ: ವಿಚಾರಿಸುವುದು, ತೀರ್ಮಾನಿಸುವುದು, ಮಾಡಿಸುವುದು. ಮೂರನೆಯದೇ ಮುಖ್ಯ ಅನ್ನುತ್ತಾರೆ. ನಾನು ಒಪ್ಪುತ್ತೇನೆ. ಕಾಯಿ ಹಸಿ ಅನ್ನುವುದು ಕೈಗೇ ತಿಳಿದಿತ್ತು. ಹತ್ತು ಜನರ ಮುಂದೆ ‘ನಿಮ್ಮದ ತಪ್ಪು’ ಅಂದಿದ್ದರೆ ಮಾತು ನಿಜವೇ ಆಗುತ್ತಿತ್ತು, ಆದರೆ ಅವರು ದರ ಬಿಟ್ಟು ಮಾನಕ್ಕಾಗಿ ಜಗಳಕ್ಕೆ ನಿಲ್ಲುತ್ತಿದ್ದರು. ಒಳಗೆ ಕರೆದು, ತಳದ ನಾಲ್ಕು ಕಾಯಿ ಅವರ ಅಂಗೈಯಲ್ಲೇ ಇಟ್ಟೆ. “ಗಾಡ್ಯಾಗ ತಾಡಪತ್ರಿ ಇರಲಿಲ್ಲರೀ, ಇಬ್ಬನಿ ಕುಂತೈತಿ” ಅಂತ ಅವರೇ ಅಂದರು. ಆ ದರಕ್ಕೆ ಕೊಡದೆ ಕಾಯಿ ಹರವಿ ಒಣಗಿಸಿ, ಮುಂದಿನ ಟೆಂಡರಿಗೆ ಇಟ್ಟೆವು.

ಎಲ್ಲದಕ್ಕೂ ವಚನ ಹಿಡಿದು ನಡೆಯಲಿಕ್ಕೆ ಆಗುವುದಿಲ್ಲ. 26ನೇ ಅಧ್ಯಾಯವನ್ನೇ ನೋಡಿ. ಮೂಢನಿಗೆ ಅವನ ಧಾಟಿಯಲ್ಲಿ ಉತ್ತರ ಕೊಡಬೇಡ ಅನ್ನುತ್ತದೆ 4ನೇ ವಚನ, ಕೊಡು ಅನ್ನುತ್ತದೆ 5ನೆಯದು. ಯಾವುದು ಯಾವಾಗ ಅನ್ನುವುದನ್ನು ನಮಗೇ ಬಿಟ್ಟಿದೆ. ನಾನು ನೋಡುವುದು ಇಷ್ಟೇ, ನಾನು ಸುಮ್ಮನಿದ್ದರೆ ನಷ್ಟ ಯಾರಿಗೆ? ಬಾಯಿಬಡುಕ ಖರೀದಿದಾರ ನನ್ನನ್ನು ಹೀಯಾಳಿಸಿದರೆ ಚಹಾ ತರಿಸುತ್ತೇನೆ. ಒಣಗಿದ ಕಾಯಿಯನ್ನು ಹಸಿ ಅಂದರೆ ಅಲ್ಲೇ, ಎಲ್ಲರೆದುರು ಚೀಲ ಸುರಿಸುತ್ತೇನೆ.