ಅರಿವು ಕೇಂದ್ರದಲ್ಲಿ ದೊಡ್ಡವರಿಗೆ ಓದು ಕಲಿಸುವುದು ಹೇಗೆ?

ದೊಡ್ಡವರ ಅಕ್ಷರದ ಗುಂಪುಗಳು ಹೆಚ್ಚಾಗಿ ಮುರಿದುಬೀಳುವುದು ಮೂರನೇ ಅಥವಾ ನಾಲ್ಕನೇ ವಾರದಲ್ಲಿ. ಅಷ್ಟರಲ್ಲಿ ಅ ದಿಂದ ಅಃ ವರೆಗೆ ಪುಟಗಟ್ಟಲೆ ತಿದ್ದಿ ಆಗಿರುತ್ತದೆ, ಬಸ್ಸಿನ ಫಲಕದ ಒಂದು ಹೆಸರೂ ಓದಲು ಬಂದಿರುವುದಿಲ್ಲ. ಕೂಲಿ ಮುಗಿಸಿ, ಅಡುಗೆ ಬೇಗ ಮಾಡಿಟ್ಟು ಬಂದವರಿಗೆ ಇದು ದಂಡ ಅನ್ನಿಸಿದರೆ ತಪ್ಪು ಅವರದಲ್ಲ. ಆದ್ದರಿಂದ ಕಲಿಸುವವರಿಗೆ ಕಟ್ಟಳೆ ಒಂದೇ: ಮೊದಲ ತರಗತಿಯಲ್ಲೇ ಒಂದು ಪದವನ್ನಾದರೂ ಓದಿಸಿ ಕಳಿಸಬೇಕು. ಮುಂದೆ ಪ್ರತಿ ತರಗತಿಯೂ ಏನಾದರೊಂದನ್ನು ಓದುವುದರಲ್ಲೇ ಮುಗಿಯಬೇಕು.

ಜಾಗ, ಅನುಮತಿ

ಶಾಲೆಗಿಂತ ಗ್ರಂಥಾಲಯವೇ ವಾಸಿ. ಶಾಲೆಯ ಗಿಡ್ಡ ಬೆಂಚು, ಕಿಟಕಿಯಲ್ಲಿ ಇಣುಕುವ ಮಕ್ಕಳು, ಇವೆರಡೇ ಸಾಕು ಐವತ್ತು ವರ್ಷದವರನ್ನು ಓಡಿಸಲು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅವುಗಳ ಹೆಸರು ಅರಿವು ಕೇಂದ್ರ. ಹಾಗಾಗಿ ಹಳ್ಳಿಯಲ್ಲಿ ಅರ್ಜಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ, ಅದರ ಒಂದು ಪ್ರತಿ ಗ್ರಂಥಾಲಯ ಮೇಲ್ವಿಚಾರಕರಿಗೆ. ನಗರದ ಶಾಖಾ ಗ್ರಂಥಾಲಯವಾದರೆ ನಗರ ಕೇಂದ್ರ ಗ್ರಂಥಾಲಯದ ಉಪನಿರ್ದೇಶಕರಿಗೆ. ಹಿಂಜರಿಕೆ ಬೇಡ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುವವರು ಊರಿನ ಜನರೇ.

ಅರ್ಜಿಯಲ್ಲಿ ಆದರ್ಶದ ಮಾತು ಬೇಕಿಲ್ಲ. ಯಾವ ವಾರಗಳು, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಷ್ಟು ಜನ, ಕಲಿಸುವವರ ಹೆಸರು ಮತ್ತು ಫೋನ್ ನಂಬರ್, ಬೀಗ ತೆಗೆದು ಹಾಕುವ ಹೊಣೆ ಯಾರದು, ಇಷ್ಟು ಬರೆದರೆ ಆಯಿತು. ಬೀಗದ ವಿಷಯ ಬಿಟ್ಟರೆ ಎರಡನೇ ವಾರಕ್ಕೇ ಬಾಗಿಲ ಮುಂದೆ ನಿಲ್ಲಬೇಕಾಗುತ್ತದೆ. ಪೇಪರ್ ಓದುವವರ ಮೇಜು ಬಿಟ್ಟು ಬೇರೆ ಮೂಲೆ ಕೇಳಿ. ಜೋರಾಗಿ ಓದುವುದು ಇಲ್ಲಿನ ಮುಖ್ಯ ಕೆಲಸ, ಅವರಿಗೂ ತೊಂದರೆ, ಇವರಿಗೂ ನಾಚಿಕೆ. ಬಲ್ಬು ಕೂತವರ ಬೆನ್ನ ಹಿಂದಿದ್ದರೆ ಪುಸ್ತಕದ ಮೇಲೆ ಅವರದೇ ನೆರಳು ಬೀಳುತ್ತದೆ, ಅದನ್ನೂ ನೋಡಿಕೊಳ್ಳಿ.

ಯಾರು, ಯಾವಾಗ

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಗಂಡಸರಲ್ಲಿ ಶೇ 82.47, ಹೆಂಗಸರಲ್ಲಿ ಶೇ 68.08. ಬರುವವರು ಬಹುಪಾಲು ಹೆಂಗಸರೇ. ಅವರನ್ನು ಹುಡುಕಲು ಡಂಗುರ ಸಾರಬೇಡಿ. ಸ್ವಸಹಾಯ ಸಂಘದ ಲೆಕ್ಕ ಬರೆಯುವವರನ್ನು ಕೇಳಿ, ಪುಸ್ತಕದಲ್ಲಿ ಯಾರು ಹೆಬ್ಬೆಟ್ಟು ಒತ್ತುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠ. ಬೋರ್ಡಿನಲ್ಲಿ ‘ಅನಕ್ಷರಸ್ಥರ ತರಗತಿ’ ಎಂದು ಬರೆದರೆ ಯಾರೂ ಒಳಗೆ ಕಾಲಿಡುವುದಿಲ್ಲ, ‘ಸಂಜೆ ಓದು’ ಸಾಕು. ಗಂಡಸರು ಹೆಂಗಸರ ಎದುರು ತಡವರಿಸಿ ಓದಲು ಒಪ್ಪುವುದು ಕಡಿಮೆ. ನಾಲ್ಕು ಜನ ಸಿಕ್ಕರೂ ಅವರಿಗೆ ಬೇರೆ ಹೊತ್ತು ಗೊತ್ತುಮಾಡಿ.

ವಾರಕ್ಕೆ ಮೂರು ದಿನ, ದಿನಕ್ಕೆ ಒಂದೂಕಾಲು ಗಂಟೆ. ವಾರಕ್ಕೊಮ್ಮೆ ಅಂದರೆ ಪ್ರತಿ ಸಲವೂ ಮೊದಲಿನಿಂದ ಶುರು ಮಾಡಿದಂತೆಯೇ. ಸಂತೆಯ ದಿನ ಬೇಡ. ಸಮಯ ಅವರೇ ಹೇಳಲಿ, ನಾಟಿ ಮತ್ತು ಕುಯ್ಲಿನ ವಾರಗಳಿಗೆ ಮೊದಲೇ ರಜೆ ಕೊಡಿ. ಘೋಷಿಸಿದ ರಜೆಯಿಂದ ಜನ ವಾಪಸು ಬರುತ್ತಾರೆ, ತಾವಾಗಿ ತಪ್ಪಿಸಿಕೊಂಡವರು ಮುಖ ತೋರಿಸಲು ಸಂಕೋಚಪಟ್ಟು ನಿಂತೇಬಿಡುತ್ತಾರೆ. ಸತತ ಎರಡು ತರಗತಿ ಬಾರದವರ ಮನೆಗೆ ಹೋಗಿ ಬನ್ನಿ. ಫೋನಿನಲ್ಲಾದರೆ ‘ಬರ್ತೀನಿ’ ಅಂದು ಸುಮ್ಮನಾಗುತ್ತಾರೆ.

ಒಬ್ಬ ಸ್ವಯಂಸೇವಕರಿಗೆ ಮೂರು ಅಥವಾ ನಾಲ್ಕು ಜನ, ಒಂದು ಗುಂಪಿನಲ್ಲಿ ಹತ್ತಕ್ಕಿಂತ ಹೆಚ್ಚು ಬೇಡ. ಕಾಲೇಜು ಹುಡುಗಿಯರು ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತಾರೆ. ನಿವೃತ್ತ ಮೇಷ್ಟ್ರುಗಳಿಗೆ ವಿಷಯ ಗೊತ್ತು, ಆದರೆ ಕೆಲವರಿಗೆ ಗದರುವ ಅಭ್ಯಾಸ ಬಿಡುವುದಿಲ್ಲ. ಅಂಥವರಿಗೆ ಲೆಕ್ಕದ ಭಾಗ ಕೊಡಿ. ವಯಸ್ಸಿಗೆ ತಕ್ಕಂತೆ ಅಕ್ಕ, ಅಮ್ಮ, ಅಜ್ಜಿ, ಅಣ್ಣ ಅಂತಲೇ ಕರೆಯಿರಿ. ಕಲಿಯಲು ಬಂದವರು ಎಂದು ಯಾರಿಗೂ ‘ನೀನು’ ಅನ್ನಬಾರದು.

ಅಕ್ಷರಕ್ಕಿಂತ ಮೊದಲು ಕಣ್ಣು

‘ನನ್ನ ತಲೆಗೆ ಹತ್ತಲ್ಲ’ ಅನ್ನುವವರಲ್ಲಿ ಅನೇಕರಿಗೆ ತೊಂದರೆ ತಲೆಯದಲ್ಲ, ಚಾಳೀಸು. ನಲವತ್ತು ದಾಟಿದ ಪ್ರತಿಯೊಬ್ಬರಿಗೂ ಮೊದಲ ದಿನ ಸೂಜಿಗೆ ದಾರ ಪೋಣಿಸಲು ಕೊಡಿ. ಕೈ ದೂರ ಚಾಚಿ, ಕಣ್ಣು ಕಿರಿದು ಮಾಡಿ ಒದ್ದಾಡಿದರೆ ಓದುವ ಕನ್ನಡಕ ಬೇಕೆಂದೇ ಅರ್ಥ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನೇತ್ರ ಸಹಾಯಕರು ಬರುವ ದಿನ ವಿಚಾರಿಸಿ, ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ. ಬಂದ ಕನ್ನಡಕ ಮನೆಯ ಟ್ರಂಕಿನಲ್ಲಿ ಭದ್ರವಾಗಿ ಉಳಿದುಬಿಡುವುದೂ ಉಂಟು. ಗ್ರಂಥಾಲಯದಲ್ಲೇ ಒಂದು ಡಬ್ಬಿಯಲ್ಲಿ ಎರಡು ಮೂರು ಪವರ್‌ನ ಕನ್ನಡಕ ಇಟ್ಟರೆ ಆ ದಿನದ ಪಾಠ ಕೆಡುವುದಿಲ್ಲ.

ಹತ್ತು ಜನರಿಗೆ ಬೇಕಾಗುವ ಸಾಮಾನು ಹೆಚ್ಚಿಲ್ಲ: ಅಗಲ ಗೆರೆಯ ನೋಟ್‌ಬುಕ್ ಹತ್ತು, 2ಬಿ ಪೆನ್ಸಿಲ್ ಇಪ್ಪತ್ತು, ಒಂದು ಕಪ್ಪುಹಲಗೆ, ಡ್ರಾಯಿಂಗ್ ಶೀಟ್ ಕತ್ತರಿಸಿ ಮಾಡಿದ 3×4 ಇಂಚಿನ ಅಕ್ಷರದ ಕಾರ್ಡುಗಳು. ಪ್ರತಿ ಅಕ್ಷರಕ್ಕೆ ಎರಡು ಕಾರ್ಡು ಇರಲಿ, ಇಲ್ಲದಿದ್ದರೆ ‘ಗರಗಸ’ ಜೋಡಿಸಲಾಗದು. ರಬ್ಬರ್ ಕೊಡಬೇಡಿ. ಅಳಿಸಿ ಅಳಿಸಿ ಬರೆಯುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ, ತಪ್ಪಿದ್ದನ್ನು ಗೆರೆ ಹೊಡೆದು ಪಕ್ಕದಲ್ಲಿ ಬರೆಯಲಿ. ಸ್ಲೇಟು ಬಳಪ ಕಂಡರೆ ಕೆಲವರಿಗೆ ಮಕ್ಕಳ ಸಾಲಿಗೆ ಸೇರಿಸಿದ ಹಾಗಾಗುತ್ತದೆ, ಕೇಳಿದವರಿಗೆ ಮಾತ್ರ ಕೊಡಿ.

ಅಕ್ಷರದ ಕ್ರಮ

ವರ್ಣಮಾಲೆಯ ಕ್ರಮ ಬಿಡಿ. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳ ನಲಿ-ಕಲಿ ತರಗತಿಗಳಲ್ಲಿ ಬಳಸುವ ರ, ಗ, ಸ, ದ, ಅ ಎಂಬ ಐದರಿಂದ ಶುರು ಮಾಡಿ. ಕೈಗೆ ಸುಲಭ, ಕೂಡಲೇ ಪದವಾಗುತ್ತವೆ: ಸರ, ದರ, ರಸ, ಅಗಸ, ಅರಸ, ಗರಗಸ. ಮೊದಲ ದಿನ ರ, ಗ, ಸ ಮೂರೇ ಸಾಕು. ಗರಗಸದ ಚಿತ್ರ ತೋರಿಸಿ ಪದ ಹೇಳಿಸಿ, ತಾಳ ಹಾಕಿ ನಾಲ್ಕು ತುಂಡು ಮಾಡಿಸಿ, ಪ್ರತಿ ತುಂಡಿನ ಮೇಲೆ ಒಂದು ಕಾರ್ಡು ಇಡಿಸಿ. ಎರಡು ಸಲ ಬರುವ ಗ ಯಾವುದೆಂದು ಅವರೇ ಗುರುತಿಸಲಿ. ಆಮೇಲೆ ಕಾರ್ಡು ಕಲೆಸಿ ‘ಸರ’, ‘ರಸ’ ಮಾಡಿಸಿ. ಅದೇ ಎರಡು ಕಾರ್ಡು ಜಾಗ ಬದಲಿಸಿದರೆ ಬೇರೆ ಪದವಾಗುತ್ತದೆ ಎಂಬುದು ಹೊಳೆದ ಮೇಲೆ ಅವರನ್ನು ತಡೆಯುವುದೇ ಕಷ್ಟ.

ಎರಡನೇ ಗುಂಪು ಜ, ವ, ಮ, ಬ, ನ. ಈಗ ಮರ, ದನ, ಜನ, ನಗರ, ಬಸವ, ಅವಸರ ಎಲ್ಲ ಓದಬಹುದು. ಇಲ್ಲಿ ನಿಂತು ದೀರ್ಘ, ಗುಡಿಸು, ಕೊಂಬು ಮೂರನ್ನು ಹೇಳಿಕೊಡಿ, ಉಳಿದ ವ್ಯಂಜನಗಳಿಗೆ ಕಾಯಬೇಡಿ. ಕನ್ನಡದ ಮಾತು ಹೆಚ್ಚಾಗಿ ಕೊನೆಯಾಗುವುದೇ ಸ್ವರಚಿಹ್ನೆಯಲ್ಲಿ, ಅವು ಬಾರದೆ ನಿಜವಾದ ವಾಕ್ಯ ಸಿಗದು. ಹತ್ತು ಅಕ್ಷರ ಮತ್ತು ಈ ಮೂರು ಚಿಹ್ನೆಗೆ ರಾಗಿ, ನದಿ, ಮಗು, ರಾಜ, ‘ದಾರಿ ಬದಿ ಮರ’ ಬಂದುಬಿಡುತ್ತವೆ. ಆಮೇಲೆ ವಾರಕ್ಕೆ ನಾಲ್ಕೈದು ಅಕ್ಷರ, ಒಂದು ಚಿಹ್ನೆ. ಮಹಾಪ್ರಾಣ, ಋ, ಙ, ಞ ಎಲ್ಲ ಕಡೆಗೆ ಬಂದರೂ ನಷ್ಟವಿಲ್ಲ.

ಎಡವುವ ಜಾಗಗಳು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಮ ಮತ್ತು ವು ಅದಲುಬದಲಾಗುತ್ತವೆ. ಪು, ವು ಗಳಲ್ಲಿ ಕೊಂಬು ಮಿಕ್ಕ ಅಕ್ಷರಗಳಂತೆ ಬದಿಗೆ ಬಾರದೆ ಕೆಳಕ್ಕೆ ಇಳಿಯುವುದನ್ನು ಬೆರಳಿಟ್ಟು ತೋರಿಸಬೇಕು. ದ ಮತ್ತು ಧ, ಬ ಮತ್ತು ಭ ಗಳನ್ನು ಒಂದೇ ದಿನ ಕಲಿಸಿದರೆ ಗೊಂದಲ ಗಟ್ಟಿಯಾಗಿ ಕೂರುತ್ತದೆ, ನಡುವೆ ಎರಡು ವಾರ ಇರಲಿ. ಒತ್ತಕ್ಷರಕ್ಕೆ ಅಮ್ಮ, ಅಕ್ಕ, ಅಪ್ಪ, ಅಣ್ಣ ಇಂದ ಶುರು ಮಾಡಿ, ‘ಪತ್ರ’, ‘ಬಸ್ಸು’ ಆಮೇಲೆ. ತುಂಬಾ ಕಾಡುವುದು ಅರ್ಕಾವೊತ್ತು. ಅದನ್ನು ಬರೆಯುವುದು ಅಕ್ಷರದ ನಂತರ, ಓದುವುದು ಅಕ್ಷರಕ್ಕಿಂತ ಮೊದಲು, ಆದ್ದರಿಂದ ‘ಅರ್ಜಿ’ಯನ್ನು ‘ಅಜಿರ್’ ಅನ್ನುತ್ತಾರೆ. ಅರ್ಜಿ, ಖರ್ಚು, ವರ್ಷ, ಕರ್ನಾಟಕ, ಈ ನಾಲ್ಕನ್ನು ಗೋಡೆಗೆ ಅಂಟಿಸಿ ದಿನಾ ಓದಿಸಿದರೆ ಹಿಡಿತಕ್ಕೆ ಬರುತ್ತದೆ.

ಹಾಲು ಎಂದು ಬರೆದದ್ದನ್ನು ‘ಆಲು’ ಎಂದು ಓದಿದರೆ ತಿದ್ದಬೇಡಿ. ಅದು ಅವರ ಮಾತು, ಅಕ್ಷರ ಗುರುತಿಸಿದ್ದಾರೆ, ಅರ್ಥವೂ ಸರಿ. ಅವರದೇ ವಾಕ್ಯ ಕೇಳಿ ಹಲಗೆಯ ಮೇಲೆ ಇದ್ದ ಹಾಗೇ ಬರೆಯಿರಿ. ಕಲಬುರಗಿ ಕಡೆಯವರು ‘ನಾಳಿ ಸಂತಿಗಿ ಹೋಗಬೇಕು’ ಅಂದರೆ ಹಾಗೇ ಬರೆಯಿರಿ, ‘ಸಂತೆಗೆ’ ಎಂದು ತಿದ್ದಿದರೆ ಓದುವಾಗ ಅವರ ನಾಲಿಗೆಗೂ ಹಲಗೆಗೂ ತಾಳೆಯಾಗದು. ಪುಸ್ತಕದ ಕನ್ನಡ ಎರಡು ತಿಂಗಳ ನಂತರ ತಾನೇ ಬರುತ್ತದೆ. ಮನೆಮಾತು ಲಂಬಾಣಿ, ತೆಲುಗು, ಉರ್ದು ಇದ್ದವರಿಗೆ ಪದದ ಅರ್ಥ ಗೊತ್ತಿದೆಯೇ ಎಂದು ಮೊದಲು ಕೇಳಿ, ಆಮೇಲೆ ಓದಿಸಿ.

ಸಹಿ

ಮೊದಲ ವಾರದಲ್ಲೇ ಎಲ್ಲರೂ ಕೇಳುವುದು ಹೆಸರು ಬರೆಯಲು. ಕಲಿಸಿ, ಆದರೆ ಅದನ್ನು ಓದಿನ ಪಾಠ ಎಂದುಕೊಳ್ಳಬೇಡಿ. ಗಂಗಮ್ಮನವರಿಗೆ ಬೇಕಾದದ್ದು ಗ, ಸೊನ್ನೆ, ಮ ಮತ್ತು ಒಂದು ಒತ್ತು. ಲಕ್ಷ್ಮಮ್ಮನವರ ಪಾಡು ಬೇರೆ: ಒಂದೇ ಜಾಗದಲ್ಲಿ ಕ, ಅದರಡಿ ಷ, ಅದರಡಿ ಮ. ಅದನ್ನು ಬಿಡಿಸಿ ಹೇಳಲು ಮೂರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಹೆಸರನ್ನು ಚಿತ್ರದಂತೆ ದೊಡ್ಡದಾಗಿ ಬರೆದುಕೊಟ್ಟು ಮೇಲೆ ತಿದ್ದಿಸಿ. ರಂಗೋಲಿ ಹಾಕುವ ಕೈಗೆ ಇದು ಭಾರವಲ್ಲ.

ಸಹಿ ಬಂದ ಕೂಡಲೇ ಬ್ಯಾಂಕಿನಲ್ಲಿ ಸಹಿ ಹಾಕಲು ಹೋದರೆ ಹಣ ಸಿಗದೆ ವಾಪಸು ಬರಬೇಕಾಗುತ್ತದೆ, ಏಕೆಂದರೆ ದಾಖಲೆಯಲ್ಲಿ ಇರುವುದು ಹೆಬ್ಬೆಟ್ಟು. ಪಾಸ್‌ಬುಕ್, ಆಧಾರ್, ಫೋಟೊ ತೆಗೆದುಕೊಂಡು ಶಾಖೆಗೆ ಹೋಗಿ ಸಹಿಯನ್ನು ದಾಖಲಿಸಿ ಬರಬೇಕು. ಅದಕ್ಕೂ ಮುಂಚೆ ಒಂದೇ ರೀತಿ ಬರುವ ತನಕ ಸಹಿ ಅಭ್ಯಾಸವಾಗಿರಲಿ. ಓದಲಾಗದ ಕಾಗದಕ್ಕೆ ಸಹಿ ಹಾಕಬಾರದು ಎಂದು ಪ್ರತಿ ಸಲವೂ ಹೇಳಿ. ಹೆಬ್ಬೆಟ್ಟು ಒತ್ತುವಾಗ ಹತ್ತು ಜನರನ್ನು ಕೇಳುತ್ತಿದ್ದವರು ಸಹಿ ಬಂದ ಹುರುಪಿನಲ್ಲಿ ಕೇಳುವುದನ್ನೇ ಬಿಡುತ್ತಾರೆ. ಸ್ವಯಂಸೇವಕರು ಯಾರದೇ ಎಟಿಎಂ ಪಿನ್, ಒಟಿಪಿ ಮುಟ್ಟಬಾರದು, ಸಹಾಯಕ್ಕೆಂದರೂ ಬೇಡ.

ಲೆಕ್ಕ

ಬಾಯಿಲೆಕ್ಕದಲ್ಲಿ ಅವರು ನಿಮ್ಮನ್ನು ಮೀರಿಸುತ್ತಾರೆ, ಕೂಡುವುದು ಕಳೆಯುವುದು ಹೊಸದಾಗಿ ಕಲಿಸಬೇಕಿಲ್ಲ. ಬೇಕಾದದ್ದು ಅಂಕಿ ಬರೆಯುವುದು. ಫೋನು, ನೋಟು, ಪಾಸ್‌ಬುಕ್ಕಿನಲ್ಲಿ ಇರುವುದು 1, 2, 3 ಆದ್ದರಿಂದ ಅದೇ ಮೊದಲು, ಕನ್ನಡ ಅಂಕಿ ಆಮೇಲೆ. ನೂರಾ ಐದನ್ನು 1005 ಎಂದು ಬರೆಯುವುದು ಸಾಮಾನ್ಯ ತಪ್ಪು, ಕಿವಿಗೆ ಕೇಳಿದ ಹಾಗೇ 100 ಬರೆದು ಪಕ್ಕದಲ್ಲಿ 5 ಇಡುತ್ತಾರೆ. ನೂರು, ಹತ್ತು, ಬಿಡಿ ಎಂದು ಮೂರು ಮನೆ ಗೆರೆ ಹಾಕಿ, ₹100ರ ನೋಟು ಒಂದು, ₹10ರ ನೋಟು ಇಲ್ಲ, ₹1ರ ನಾಣ್ಯ ಐದು ಇಡಿಸಿ. ಖಾಲಿ ಮನೆಗೆ ಸೊನ್ನೆ. ನೋಟಿನ ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೇ ಸಾಲು ಕನ್ನಡ, ಅದನ್ನು ಹುಡುಕಿ ಓದುವುದು ಕಾಸಿಲ್ಲದ ಒಳ್ಳೆಯ ಪಾಠ. ಪಾಸ್‌ಬುಕ್ಕಿನ ಹಾಳೆಯ ಜೆರಾಕ್ಸ್‌ನಲ್ಲಿ ಖಾತೆ ಸಂಖ್ಯೆ ಮುಚ್ಚಿ, ಗೃಹಲಕ್ಷ್ಮಿಯ 2000 ಯಾವ ತಾರೀಕಿಗೆ ಬಂತು ಎಂದು ಹುಡುಕಿಸಿ.

ಪರೀಕ್ಷೆ, ಅದರಾಚೆ

ದೊಡ್ಡವರ ಸಾಕ್ಷರತೆಗೆಂದು ಕೇಂದ್ರ ಸರ್ಕಾರ ನಡೆಸುವ ಉಲ್ಲಾಸ್ ಕಾರ್ಯಕ್ರಮ 2022ರಿಂದ 2027ರವರೆಗಿನದು, 15 ವರ್ಷ ದಾಟಿದವರಿಗೆ. ಕಲಿಯುವವರನ್ನೂ ಕಲಿಸುವವರನ್ನೂ ಆ್ಯಪ್‌ನಲ್ಲಿ ನೋಂದಾಯಿಸಬೇಕು. ಇದು ಸ್ವಯಂಸೇವೆ, ಗೌರವಧನದ ನಿರೀಕ್ಷೆಯಿಂದ ಬರುವವರಿಗೆ ಮೊದಲೇ ಹೇಳಿಬಿಡಿ. ಕೊನೆಯ ಪರೀಕ್ಷೆ 150 ಅಂಕಕ್ಕೆ: ಓದು, ಬರಹ, ಲೆಕ್ಕ, ತಲಾ 50. ‘ಪರೀಕ್ಷೆ’ ಅನ್ನುವ ಮಾತಿಗೇ ಹೆದರುವವರಿದ್ದಾರೆ. ಎರಡು ವಾರ ಮೊದಲು ಅದೇ ನಮೂನೆಯ ಹಾಳೆ ಕೊಟ್ಟು, ಹೆಸರು ಬರೆಯುವ ಜಾಗ, ಗುರುತು ಹಾಕುವ ಚೌಕ ಎಲ್ಲ ಅಭ್ಯಾಸ ಮಾಡಿಸಿ. ಉತ್ತರ ಗೊತ್ತಿದ್ದೂ ಎಲ್ಲಿ ಬರೆಯಬೇಕೆಂದು ತಿಳಿಯದೆ ಅಂಕ ಹೋಗುತ್ತದೆ.

ಇಷ್ಟು ಹೊತ್ತಿಗೆ ಎಲ್ಲರಿಗೂ ಗ್ರಂಥಾಲಯದ ಸದಸ್ಯತ್ವ ಮಾಡಿಸಿರಬೇಕು. ದೊಡ್ಡ ಅಕ್ಷರದ, ಪುಟಕ್ಕೆ ಐದಾರು ಸಾಲಿನ ಪುಸ್ತಕಗಳನ್ನು ಒಂದು ಕಪಾಟಿಗೆ ಬೇರ್ಪಡಿಸಿ. ಬರೀ ಮಕ್ಕಳ ಕತೆ ಬೇಡ. ಲಗ್ನಪತ್ರಿಕೆ, ಗೋಡೆ ಕ್ಯಾಲೆಂಡರ್, ಅವರಿಗೆ ಬಾಯಿಗೆ ಬರುವ ವಚನ, ಸೋಬಾನೆ ಪದ ಬರೆದ ಹಾಳೆಗಳನ್ನೂ ಇಡಿ. ಗೊತ್ತಿರುವ ಹಾಡನ್ನು ಬೆರಳಿಟ್ಟು ಓದುವಾಗ ವೇಗ ಬರುತ್ತದೆ. ಒಬ್ಬರು ಬೆರಳು ಬಿಟ್ಟು ಬಾಯಿಪಾಠ ಹೇಳತೊಡಗಿದರೆ ನಡುವಿನ ಒಂದು ಪದ ತೋರಿಸಿ ಕೇಳಿ, ಗೊತ್ತಾಗುತ್ತದೆ.

ಪರೀಕ್ಷೆ ಮುಗಿದ ಮೇಲೂ ವಾರಕ್ಕೊಂದು ದಿನ, ಅದೇ ಹೊತ್ತಿಗೆ, ಓದಲು ಕೂರುವುದನ್ನು ನಿಲ್ಲಿಸಬೇಡಿ. ತಿಂಗಳುಗಟ್ಟಲೆ ಬಿಟ್ಟವರಿಗೆ ಮೊದಲು ಮರೆಯುವುದು ಒತ್ತಕ್ಷರ, ಆಮೇಲೆ ಏತ್ವ ಓತ್ವ. ಬಿಡಿ ಅಕ್ಷರ ತುಂಬಾ ದಿನ ಉಳಿಯುತ್ತದೆ. ಅಂಥವರು ಮತ್ತೆ ಬಂದಾಗ ರ, ಗ, ಸ ದಿಂದ ಶುರು ಮಾಡಿ ಬೇಸರ ತರಿಸಬೇಡಿ, ಒತ್ತಕ್ಷರದ ಕಾರ್ಡುಗಳನ್ನು ಮುಂದಿಡಿ.