ಅಂಗಾಲಿನ ಕಪ್ಪು ಕಲೆ: ನಾನು ನೋಡಲು ಕಲಿತ ಬಗೆ

ಬದಿಯಡ್ಕದ ಸಮೀಪ ಚರ್ಮರೋಗ ಚಿಕಿತ್ಸೆ ನಡೆಸುವ ನಾನು, ತುರಿಕೆಗೆ ಮದ್ದು ಕೇಳಿ ಬಂದವರ ಅಂಗಾಲನ್ನೂ ತಪ್ಪದೆ ನೋಡುತ್ತೇನೆ. ಹಲವು ವರ್ಷಗಳ ಹಿಂದೆ, ಅಡಿಕೆ ತೋಟದಲ್ಲಿ ಬರಿಗಾಲಲ್ಲೇ ದುಡಿಯುತ್ತಿದ್ದ ಹಿರಿಯರೊಬ್ಬರು ಹಿಮ್ಮಡಿಯ ಕಪ್ಪು ಕಲೆ ತೋರಿಸಿ, "ಮುಳ್ಳು ತಾಗಿದ್ದು ಡಾಕ್ಟ್ರೇ, ಆಣಿಯಾಗಿದೆ" ಎಂದರು. ನಾನೂ ಹಾಗೆಯೇ ನಂಬಿ ಮುಲಾಮು ಬರೆದುಕೊಟ್ಟೆ. ಎಂಟು ತಿಂಗಳ ಬಳಿಕ ಅವರು ಮರಳಿ ಬಂದಾಗ ತೊಡೆಸಂದಿಯಲ್ಲಿ ಗಂಟು ಕೈಗೆ ಸಿಗುತ್ತಿತ್ತು. ಅದು ಮೆಲನೋಮ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್. ಆ ತಪ್ಪು ನನ್ನದು.

ನಮ್ಮವರಲ್ಲಿ ಮೆಲನೋಮ ಅಪರೂಪ. ಬಂದಾಗ ಹೆಚ್ಚಾಗಿ ಬಿಸಿಲು ಬೀಳದ ಅಂಗಾಲು, ಅಂಗೈ, ಉಗುರಿನ ಬುಡಗಳಲ್ಲಿ ಬರುವುದರಿಂದ ರೋಗಿಗೂ ವೈದ್ಯನಿಗೂ ಅನುಮಾನ ಹುಟ್ಟುವುದು ತಡವಾಗುತ್ತದೆ.

ಅಂಗಾಲಿನ ಚರ್ಮ ಉತ್ತ ಗದ್ದೆಯಂತೆ ಏರು ತಗ್ಗುಗಳ ಸಾಲು. ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪಿನಲ್ಲಿ ನೋಡಿದಾಗ ಸಾಮಾನ್ಯ ಮಚ್ಚೆಯ ಬಣ್ಣ ಬಹುಮಟ್ಟಿಗೆ ತಗ್ಗಿನ ಗೆರೆಗಳಲ್ಲಿರುತ್ತದೆ. ಬಣ್ಣ ಏರುಗಳ ಮೇಲೆ ಪಟ್ಟಿಯಾಗಿ ಹರಡಿದ್ದರೆ ಮೆಲನೋಮವನ್ನು ಶಂಕಿಸಲೇಬೇಕು. ಗೊಂದಲವಾದರೆ ಫೌಂಟನ್ ಪೆನ್ನಿನ ಶಾಯಿ ಹಚ್ಚಿ ಒರೆಸುತ್ತೇನೆ: ಶಾಯಿ ತಗ್ಗುಗಳಲ್ಲಿ ಉಳಿದು, ಮಣಿ ಪೋಣಿಸಿದಂತೆ ಬೆವರಿನ ರಂಧ್ರಗಳಿರುವ ಏರುಗಳು ಬೇರೆಯಾಗಿ ಕಾಣುತ್ತವೆ.

ಶಂಕೆಯಿರುವ ಕಲೆಯನ್ನು ಸುಡುವುದಾಗಲಿ ಮೇಲ್ಮೇಲೆ ಹೆರೆಯುವುದಾಗಲಿ ಕೂಡದು. ಚಿಕ್ಕದಾಗಿದ್ದರೆ ಸುತ್ತ 2 ಮಿಲಿಮೀಟರಿನಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ, ಕೊಬ್ಬಿನ ಪದರದವರೆಗೆ ಇಡಿಯಾಗಿ ತೆಗೆದು, ಒಂದು ತುದಿಗೆ ಗುರುತಿನ ಹೊಲಿಗೆ ಹಾಕಿ ತುಣುಕು ಕೆಡದಂತೆ ಕಾಯುವ ಫಾರ್ಮಲಿನ್ ದ್ರವದಲ್ಲಿ ಪ್ರಯೋಗಾಲಯಕ್ಕೆ ಕಳುಹಿಸುತ್ತೇನೆ. 1970ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಅಲೆಕ್ಸಾಂಡರ್ ಬ್ರೆಸ್ಲೊ ತೋರಿಸಿಕೊಟ್ಟಂತೆ ಗಡ್ಡೆಯ ದಪ್ಪವೇ ಮುಂದಿನ ದಾರಿ ಹೇಳುತ್ತದೆ. 1 ಮಿಲಿಮೀಟರಿಗಿಂತ ದಪ್ಪವಿದ್ದರೆ ರೋಗ ಹರಡುವಾಗ ಮೊದಲು ತಲುಪುವ ದುಗ್ಧರಸ ಗ್ರಂಥಿಯ ತಪಾಸಣೆಯನ್ನೂ ಯೋಚಿಸಬೇಕಾಗುತ್ತದೆ. ಹೆರೆದು ಹಾಳಾದ ತುಣುಕಿನಲ್ಲಿ ಆ ಅಳತೆ ಸಿಗುವುದಿಲ್ಲ.

ಮುಂದಿನ ಚಿಕಿತ್ಸೆಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಮಂಗಳೂರಿಗೋ ಕಳುಹಿಸುತ್ತೇನೆ. 2011ರಿಂದೀಚೆಗೆ ಬಂದ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಹುರಿದುಂಬಿಸುವ ಔಷಧಗಳು ಮೆಲನೋಮದ ಚಿಕಿತ್ಸೆಯನ್ನೇ ಬದಲಿಸಿವೆಯಾದರೂ ಅಂಗಾಲಿನ ಬಗೆಯ ಮೇಲೆ ಅವುಗಳ ಪರಿಣಾಮ ಕಡಿಮೆ. ಬೇರೆ ಕೆಲವು ಔಷಧಗಳು ಗುರಿಯಿಡುವ ಬ್ರಾಫ್ ಜೀನಿನ ಬದಲಾವಣೆಯೂ ಇದರಲ್ಲಿ ಕಡಿಮೆ, ಕೆಲವರಲ್ಲಿ ಕಿಟ್ ಜೀನ್ ಬದಲಾಗಿರುತ್ತದೆ. ಸಂಶೋಧನೆ ಹೆಚ್ಚಾಗಿ ನಡೆದಿರುವುದು ಬಿಳಿಚರ್ಮದವರ ಗಡ್ಡೆಗಳ ಮೇಲೆ, ಇದು ನನ್ನನ್ನು ಬಹಳವಾಗಿ ಕಾಡುತ್ತದೆ. ಜೀನ್ ಪರೀಕ್ಷೆಗೆ ಬೇಕಾದ, ತೆಗೆದ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಪ್ರಯೋಗಾಲಯದಲ್ಲೇ ಉಳಿದುಹೋಗಿ ರೋಗಿಗಳು ಎರಡೆರಡು ಸಲ ಓಡಾಡಿದ್ದನ್ನು ಕಂಡ ಮೇಲೆ, ಚೀಟಿಯ ತಲೆಯಲ್ಲೇ ಕನ್ನಡದಲ್ಲಿ ಬರೆಯುತ್ತೇನೆ: "ಬ್ಲಾಕ್ ಕೇಳಿ ಪಡೆದುಕೊಳ್ಳಿ, ಬಿಸಿಲಿಗೆ ಇಡಬೇಡಿ, ಜೊತೆಯಲ್ಲೇ ಒಯ್ಯಿರಿ."